ಹಳದಿ ಬಾಗಿಲು

ಹೋದ ತಿಂಗಳು ಮಗಳ ಈಜು ಸ್ಪರ್ಧೆಗೆಂದು ನಾವಿರುವ ಐರಿಶ್ ಊರು ಅತ್ಲೋನ್‌ನಿಂದ ಡಬ್ಲಿನ್‌ಗೆ ಹೋಗಿದ್ದೆ. ಹ್ಯೂಸ್ಟನ್ ರೈಲು ನಿಲ್ದಾಣದಲ್ಲಿ ಇಳಿದು ಹೊರಗೆ ಬರುತ್ತಿದ್ದಂತೆ ಹುರಿದ ಬಾರ್ಲಿಯ ವಾಸನೆ ಬಂತು. ಹತ್ತಿರದಲ್ಲೇ ಹಳೆಯದೊಂದು ಬಿಯರ್ ಕಾರ್ಖಾನೆಯಿದೆ. ಗಾಳಿ ಈ ಕಡೆ ತಿರುಗಿದ ದಿನ ಅರ್ಧ ಊರಿಗೆ ಅದರ ವಾಸನೆ ಹಬ್ಬುತ್ತದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಯಾರೋ ಹುರಿಹಿಟ್ಟಿಗೆ ರಾಗಿ ಹುರಿಯುತ್ತಿದ್ದಾರೆ ಅಂದುಕೊಂಡು ಖುಷಿಪಟ್ಟಿದ್ದೆ. ಈಗ ಹಾಗಾಗುವುದಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ಕಣ್ಣು ತಾನಾಗಿ ಪಕ್ಕದಲ್ಲಿರುವವರ ಮುಖ ಹುಡುಕುತ್ತದೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ನನಗೆ ಅಂಟಿಸಿದ ಚಾಳಿ ಅದು.

ಅನುಮಾನಪಡುವುದು ನನ್ನ ಕೆಲಸವೂ ಹೌದು. ಅತ್ಲೋನ್‌ನಲ್ಲಿ ವೈದ್ಯಕೀಯ ಸಾಧನಗಳನ್ನು ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ರಕ್ತನಾಳದೊಳಗೆ ಇಳಿಸುವ ಸಣ್ಣ ಕೊಳವೆಗಳನ್ನು ಭೂತಗನ್ನಡಿಯ ಕೆಳಗಿಟ್ಟು ಎಲ್ಲಾದರೂ ಗೀರು, ಗುಳ್ಳೆ ಇದೆಯೇ ಎಂದು ನೋಡಬೇಕು. ಚೆನ್ನಾಗಿ ಕಾಣುವುದನ್ನು ನಂಬಬಾರದು ಅನ್ನುವುದು ಅಲ್ಲಿನ ಮೊದಲ ಪಾಠ. ನನ್ನ ಗಂಡ ಮಂಜುನಾಥ ಆಗ ಹತ್ತಿರದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜರಿ ರಿಜಿಸ್ಟ್ರಾರ್, ಅಂದರೆ ಹಿರಿಯ ಸರ್ಜನ್ನರ ಕೈಕೆಳಗೆ ಆಪರೇಷನ್ ಮಾಡುವ ಡಾಕ್ಟರ್ ಆಗಿದ್ದರು. ದಾವಣಗೆರೆಯಲ್ಲಿ ಓದಿ, ಇಲ್ಲಿ ಬಂದು ಪರೀಕ್ಷೆ ಕಟ್ಟಿ, ಆರು ವರ್ಷ ದುಡಿದು ಗಳಿಸಿದ ಜಾಗ. ಮಗಳು ಸಾನ್ವಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ಐರಿಶ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಊಟ ಹೇಗಿತ್ತು ಅಂದರೆ 'ಗ್ರ್ಯಾಂಡ್', ಹುಷಾರಿಲ್ಲವಾ ಅಂದರೂ 'ಗ್ರ್ಯಾಂಡ್'. ಚೆನ್ನಾಗಿದೆ, ಪರವಾಗಿಲ್ಲ ಅನ್ನುವುದಕ್ಕೆಲ್ಲ ಇಲ್ಲಿ ಅದೊಂದೇ ಮಾತು.

ಆ ವರ್ಷ ಫೆಬ್ರವರಿಯಲ್ಲಿ ಮಂಜು ಒಂದು ದಿನ, "ಗುರುವಾರ ಗುರುವಾರ ಟಾಲಾದಲ್ಲಿ ಒಂದು ಕೋರ್ಸ್ ಇದೆ. ಬೆಳಿಗ್ಗೆ ಹೋಗಿ ಸಂಜೆ ಬರ್ತೀನಿ," ಅಂದರು. ಟಾಲಾ ಡಬ್ಲಿನ್‌ನ ಹೊರವಲಯ, ದೊಡ್ಡ ಆಸ್ಪತ್ರೆಯಿರುವ ಜಾಗ. ಡಾಕ್ಟರುಗಳಿಗೆ ಕೋರ್ಸುಗಳಿಗೇನು ಕೊರತೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಅವರು ಹೊಸ ಎಲೆಕ್ಟ್ರಿಕ್ ಶೇವರ್ ತಂದರು. ಹದಿನೈದು ವರ್ಷ ಬ್ಲೇಡಿನಲ್ಲೇ ಗಡ್ಡ ಹೆರೆದ ಮನುಷ್ಯ. "ಏನ್ರೀ ಹೊಸ ಶೋಕಿ?" ಅಂದೆ. "ಟೈಮ್ ಉಳಿಯುತ್ತೆ," ಅಂದರು. ಆಮೇಲೆ ಲೇಸಿನ ಶೂ ಹೋಗಿ, ಕಾಲು ತೂರಿಸಿದರೆ ಸಾಕಾಗುವ ಶೂ ಬಂದವು. ಇಸ್ತ್ರಿ ಮಾಡಿಟ್ಟ ಅಂಗಿಗಳು ಬೀರುವಿನಲ್ಲೇ ಉಳಿದು, ಹರೆಯದವರು ಹಾಕುವಂಥ ಗುಂಡಿಯಿಲ್ಲದ ಟೀ ಶರ್ಟುಗಳು ಬಂದವು. ನಡೆಯುವಾಗ ನನ್ನ ಕೈ ಹಿಡಿಯುತ್ತಿದ್ದವರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಡೆಯತೊಡಗಿದರು. ಭಾನುವಾರದ ಚಹಾ ಮಾಡುವುದು ಅವರ ಕೆಲಸವಾಗಿತ್ತು. ಅದೂ ಸದ್ದಿಲ್ಲದೆ ನನ್ನ ಪಾಲಿಗೆ ಬಂತು.

ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಆದರೆ ಒಂದೇ ಪೆಟ್ಟಿಗೆಯಲ್ಲಿ ಮೂರು ಕೊಳವೆಗೆ ಗುಳ್ಳೆ ಬಂದರೆ ನಾವು ಇಡೀ ಪೆಟ್ಟಿಗೆಯನ್ನು ಪಕ್ಕಕ್ಕೆ ಇಡುತ್ತೇವೆ. ಏಪ್ರಿಲ್‌ನಲ್ಲಿ ಜಾಕೆಟ್ ಒಗೆಯಲು ಹಾಕುವ ಮುಂಚೆ ಜೇಬು ತಡವಿದೆ. ಮಡಚಿದ ಒಂದು ಹಾಳೆ ಸಿಕ್ಕಿತು. ಅದರ ಮೇಲೆ ಪೆನ್ನಿನಲ್ಲಿ ಬರೆದ ಸುರುಳಿ, ಒಳಗಿನಿಂದ ಹೊರಕ್ಕೆ ಸುತ್ತಿದ್ದು, ಅಂಕುಡೊಂಕಾಗಿ. ಸಾನ್ವಿ ಗೀಚಿದ್ದಿರಬೇಕು ಅಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು. ಸಾನ್ವಿಗೆ ಒಂಬತ್ತು, ಅವಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಾಳೆ. ಹಾಗಾದರೆ ಇದು ಇನ್ನೂ ಚಿಕ್ಕ ಮಗುವಿನದು. ಯಾರ ಮನೆಯ ಚಿಕ್ಕ ಮಗು ಇವರ ಜೇಬಿಗೆ ಕಾಗದ ಹಾಕುತ್ತದೆ? ಹಾಳೆಯನ್ನು ಇದ್ದಲ್ಲೇ ಇಟ್ಟೆ. ಅವತ್ತಿನಿಂದ ನನ್ನ ಫೋನಿನಲ್ಲಿ ಗುರುವಾರಗಳನ್ನು ಬರೆದಿಡಲು ಶುರು ಮಾಡಿದೆ, ಎಷ್ಟು ಗಂಟೆಗೆ ಹೋದರು, ಎಷ್ಟಕ್ಕೆ ಬಂದರು, ಬಂದಾಗ ಮುಖ ಹೇಗಿತ್ತು. ನಾಚಿಕೆಯಾಗುತ್ತಿತ್ತು, ಆದರೂ ಬರೆದೆ.

ಹೇಳಿಕೊಂಡದ್ದು ತಬಸ್ಸುಮ್ ಒಬ್ಬಳಲ್ಲಿ. ಬೆಂಗಳೂರಿನ ಫ್ರೇಜರ್ ಟೌನಿನವಳು. ಅವಳ ಗಂಡ ಅತ್ಲೋನ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದುಗಡೆ ಅಕ್ಕಿ ಚೀಲಗಳ ಮೇಲೆ ಕೂತು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೇರ ಕೇಳ್ಬಿಡು ಸುಧಾ," ಅಂದಳು.

"ಕೇಳಿದ್ರೆ ಸುಳ್ಳು ಹೇಳ್ತಾರೆ."

"ಹೇಳ್ಲಿ ಬಿಡು. ಹೇಳೋವಾಗ ಮುಖ ನೋಡ್ಬಹುದಲ್ಲ."

ನನಗೆ ಧೈರ್ಯ ಬರಲಿಲ್ಲ. ಸುಳ್ಳು ಹೇಳುವ ಮುಖ ನೋಡಿದ ಮೇಲೆ ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ತಬಸ್ಸುಮ್ ಒಂದು ಪ್ರವಾಸ ಹೊರಡಿಸುತ್ತಾಳೆ. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ, ರಜೆಯ ಮಕ್ಕಳಿಗೆ ಡಬ್ಲಿನ್ ತೋರಿಸುವುದು. ಆ ವರ್ಷ ಶಾಲೆಗೆ ರಜೆ ಸಿಕ್ಕಿದ ಮೊದಲ ಶುಕ್ರವಾರ ಅಂತ ಗೊತ್ತಾಯಿತು. ಹದಿನೆಂಟು ಜನ. ಮಂಜು ಮೊದಲು ಕೆಲಸವಿದೆ ಅಂದರು, ಆಮೇಲೆ ತಲೆನೋವು ಅಂದರು. "ಡಬ್ಲಿನ್ ನೋಡೋದೇನಿದೆ, ನೀವಿಬ್ರು ಹೋಗ್ಬನ್ನಿ," ಅಂದರು. ನಾನು ಬಿಡಲಿಲ್ಲ. ಇವರನ್ನು ಡಬ್ಲಿನ್ ಬೀದಿಯಲ್ಲಿ ನನ್ನ ಕಣ್ಣೆದುರು ನಡೆಸಬೇಕಿತ್ತು. ಬರಬಾರದೆಂದು ಅವರು ಹೆಣಗಿದಷ್ಟೂ ನನ್ನ ಹಟ ಗಟ್ಟಿಯಾಯಿತು.

ರೈಲಿನಲ್ಲಿ ನನ್ನ ಪಕ್ಕ ಕೂತದ್ದು ರೂಪಾ, ಮಂಜು ಜೊತೆ ಕೆಲಸ ಮಾಡುವ ಡಾಕ್ಟರರ ಹೆಂಡತಿ. ಕಿಟಕಿಯಾಚೆ ಕುರಿಗಳು, ಹಸಿರು, ಮತ್ತೆ ಕುರಿಗಳು. ಮಾತಿಗೆ ಮಾತು ಬಂದು, ಗುರುವಾರ ಇವರು ಮನೆಯಲ್ಲಿರುವುದಿಲ್ಲ, ಟಾಲಾದ ಕೋರ್ಸ್ ಇರುತ್ತದಲ್ಲ ಅಂದೆ.

"ಕೋರ್ಸಾ?" ಅಂದಳು ರೂಪಾ. "ಅದು ಮಾರ್ಚಲ್ಲೇ ಮುಗೀತಲ್ಲ. ನಮ್ಮನೆಯವ್ರೂ ಹೋಗ್ತಿದ್ರು."

"ಹೌದಾ, ಇದು ಬೇರೆ ಇರ್ಬೇಕು," ಅಂದೆ. ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು. ಎರಡು ಸಾಲು ಮುಂದೆ ಮಂಜು ಸಾನ್ವಿಯ ತಲೆಯ ಮೇಲೆ ಗಲ್ಲ ಊರಿಕೊಂಡು ಹೊರಗೆ ನೋಡುತ್ತಿದ್ದರು. ಬೆನ್ನು ನೋಡಿದರೆ ಏನೂ ತಿಳಿಯುವುದಿಲ್ಲ.

ಹ್ಯೂಸ್ಟನ್‌ನಲ್ಲಿ ಇಳಿದಾಗ ಆ ಬಾರ್ಲಿ ವಾಸನೆ ದಟ್ಟವಾಗಿತ್ತು. ಹೊರಗೆ ಲುವಾಸ್ ಟ್ರಾಮಿನ ನಿಲ್ದಾಣ. ಒಂದು ಬದಿಯ ಟ್ರಾಮು ಪೇಟೆಯ ಕಡೆಗೆ, ಇನ್ನೊಂದು ಬದಿಯದು ಟಾಲಾ ಕಡೆಗೆ. ಊರುಗೋಲು ಹಿಡಿದ ಐರಿಶ್ ಮುದುಕಿಯೊಬ್ಬಳು ಮಂಜುವನ್ನೇ ನಿಲ್ಲಿಸಿ, ಟಾಲಾಕ್ಕೆ ಯಾವ ಕಡೆ ನಿಲ್ಲಬೇಕು ಎಂದು ಕೇಳಿದಳು. ಐದು ತಿಂಗಳು ವಾರವಾರವೂ ಟಾಲಾಕ್ಕೆ ಹೋಗಿಬಂದ ಮನುಷ್ಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಬೋರ್ಡ್ ಹುಡುಕಿದರು. ತಬಸ್ಸುಮ್ ಬಂದು ದಾರಿ ತೋರಿಸಿದಳು. ಮುದುಕಿಯ ತಲೆಯ ಮೇಲಿನಿಂದ ನನ್ನತ್ತ ಒಂದು ಸಲ ನೋಡಿ, ಕಣ್ಣು ತಿರುಗಿಸಿದಳು.

ಅವಳು ಗೊತ್ತು ಮಾಡಿದ್ದ ಗೈಡು ಲಿಫಿ ನದಿಯ ದಡದಲ್ಲಿ ಕಾಯುತ್ತಿದ್ದ. ಡೆಕ್ಲನ್ ಅಂತ ಹೆಸರು, ಎಪ್ಪತ್ತರ ಮುದುಕ, ಶಾಲಾ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಕಬ್ಬಿಣದ ಬಿಳಿ ಸೇತುವೆ ತೋರಿಸಿ, ಒಂದು ಕಾಲದಲ್ಲಿ ಇದನ್ನು ದಾಟುವವರೆಲ್ಲ ಅರ್ಧ ಪೆನ್ನಿ ಕೊಡಬೇಕಿತ್ತು ಅಂದ. ವೈಕಿಂಗರು ದೋಣಿ ಕಟ್ಟಿದ ಜಾಗ, ಇಂಗ್ಲಿಷರ ಕೋಟೆ, ಬಂಡಾಯದ ಕಥೆ. ಹಿರಿಯರು ತಲೆದೂಗಿದರು. ನನಗೆ ಒಂದೂ ಕಿವಿಗಿಳಿಯಲಿಲ್ಲ. ನಾನು ಓದುತ್ತಿದ್ದದ್ದು ಬೇರೆ ಚರಿತ್ರೆ. ರಸ್ತೆ ದಾಟುವಲ್ಲಿ ಡೆಕ್ಲನ್ ನಿಂತು ಎಲ್ಲರನ್ನೂ ಎಣಿಸುತ್ತಿದ್ದಾಗ ಮಂಜು ಆಗಲೇ ಸರಿಯಾದ ಸಂದಿಯ ಬಾಯಲ್ಲಿ ನಿಂತಿರುತ್ತಿದ್ದರು. ಎರಡು ಸಲ ಹಾಗಾಯಿತು. "ಡ್ಯಾಡಿ ನೋಸ್ ದ ವೇ," ಅಂದಳು ಸಾನ್ವಿ ಹೆಮ್ಮೆಯಿಂದ.

"ಮ್ಯಾಪಲ್ಲಿ ನೋಡ್ದೆ," ಅಂದರು ಮಂಜು. ಅವರ ಫೋನು ನನ್ನ ಬ್ಯಾಗಿನಲ್ಲಿತ್ತು.

ಹಳೆಯ ಚರ್ಚೊಂದರ ನೆಲಮಾಳಿಗೆಗೆ ಇಳಿದೆವು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಣಗಿ ಸೆಟೆದ ಒಂದು ಬೆಕ್ಕು ಮತ್ತು ಒಂದು ಇಲಿ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಚರ್ಚಿನ ದೊಡ್ಡ ವಾದ್ಯದ ಕೊಳವೆಯೊಳಗೆ ನುಗ್ಗಿ, ಎರಡೂ ಅಲ್ಲೇ ಸಿಕ್ಕಿಬಿದ್ದವಂತೆ. ಮಕ್ಕಳು ಗಾಜಿಗೆ ಮೂಗು ಒತ್ತಿದರು. ನಾನು ಬಹಳ ಹೊತ್ತು ಬೆಕ್ಕನ್ನೇ ನೋಡಿದೆ.

ಮಧ್ಯಾಹ್ನ ಪೇಟೆಯ ನಡುವಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ತಬಸ್ಸುಮ್ ಮಾಡಿ ತಂದ ಕೈಮಾ ಸಮೋಸ. ಮಂಜು ಹಸಿವಿಲ್ಲ ಅಂದರು, ಬಾಳೆಹಣ್ಣು ಒಂದನ್ನೇ ತಿಂದರು. ಊಟವಾದ ಮೇಲೆ ಡೆಕ್ಲನ್ ನಮ್ಮನ್ನು ಮೆರಿಯನ್ ಚೌಕದ ಹತ್ತಿರದ ಒಂದು ಬೀದಿಗೆ ಕರೆದುಕೊಂಡು ಹೋದ. ಇನ್ನೂರು ಮುನ್ನೂರು ವರ್ಷದ ಇಟ್ಟಿಗೆಯ ಮನೆಗಳು, ಒಂದೇ ಅಚ್ಚಿನಲ್ಲಿ ತೆಗೆದಂತೆ ಸಾಲಾಗಿ. ಬಾಗಿಲು ಮಾತ್ರ ಒಂದೊಂದಕ್ಕೆ ಒಂದೊಂದು ಬಣ್ಣ, ಕೆಂಪು, ಹಸಿರು, ನೀಲಿ, ಹಳದಿ. "ರಾತ್ರಿ ಕುಡಿದು ಬಂದ ಗಂಡಂದಿರು ಪಕ್ಕದ ಮನೆಗೆ ಹೋಗದೆ ಇರಲಿ ಅಂತ ಹೆಂಡತಿಯರು ಬಣ್ಣ ಬಳಿಸಿದ್ದಂತೆ," ಎಂದು ಡೆಕ್ಲನ್ ಹೇಳಿದ. ಎಲ್ಲರೂ ನಕ್ಕರು. ಮಂಜು ನಗಲಿಲ್ಲ. ಆ ಬೀದಿಗೆ ಕಾಲಿಟ್ಟಾಗಿನಿಂದ ಅವರು ರಸ್ತೆಯ ಆಚೆ ಬದಿಗೆ ಸರಿದು, ಮರದ ನೆರಳಿನಲ್ಲಿ ನಿಂತಿದ್ದರು.

ನಾವು ನೀಲಿ ಬಾಗಿಲ ಮುಂದೆ ಫೋಟೋಕ್ಕೆ ನಿಂತಾಗ ಅದರ ಪಕ್ಕದ ಹಳದಿ ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಕೆಂಗೂದಲ ಹೆಂಗಸೊಬ್ಬಳು ಹೊರಬಂದಳು. ರಸ್ತೆ ದಾಟಿ ಹೋಗುತ್ತಿದ್ದವಳು ಮರದ ಹತ್ತಿರ ನಿಂತು, "ಮಂಜು, ಇವತ್ತು ಗುರುವಾರ ಅಲ್ಲವಲ್ಲ," ಎಂದು ನಗುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಅವರ ಮೊಣಕೈಯನ್ನು ಮೆಲ್ಲಗೆ ಮುಟ್ಟಿದಳು. ಮುಟ್ಟಿ, ಏನೋ ಕೇಳಿ, ತಲೆಯಾಡಿಸಿ ಮುಂದೆ ಹೋದಳು.

ನಾನು ಫೋಟೋದಿಂದ ಹೊರಗೆ ಬಂದೆ. ಆ ಚಿತ್ರ ಈಗಲೂ ತಬಸ್ಸುಮ್ ಬಳಿ ಇದೆ. ಅದರಲ್ಲಿ ನನ್ನ ಜಾಗದಲ್ಲಿ ಸೀರೆಯ ಸೆರಗು ಮಾತ್ರ ಇದೆ.

"ಯಾರದು?" ಅಂದೆ.

"ಕೋರ್ಸಲ್ಲಿ ಪರಿಚಯ."

"ಟಾಲಾ ಕೋರ್ಸಲ್ಲೇನಾ?"

"ಹೂಂ."

ತಬಸ್ಸುಮ್ ಹೇಳಿದ್ದ ಆ ಮುಖವನ್ನು ಆಗ ನೋಡಿದೆ. ನಾನು ಊಹಿಸಿದ್ದಂತೆ ಕಳ್ಳ ಮುಖವಲ್ಲ ಅದು. ಬಹಳ ದಿನ ನಿದ್ದೆಗೆಟ್ಟವರ ಮುಖ. ಅದೂ ನನಗೆ ಸಾಕ್ಷಿಯಾಗಿಯೇ ಕಂಡಿತು.

ಮುಂದಿನದು ಚಿತ್ರಶಾಲೆ. ಅಲ್ಲಿ ಮಕ್ಕಳಿಗೆ ಕಾಗದ, ಪೆನ್ಸಿಲ್ ಕೊಟ್ಟು ಚಿತ್ರ ಬರೆಸುವ ಕೋಣೆಯಿತ್ತು. ಸಾನ್ವಿಯನ್ನು ತಬಸ್ಸುಮ್ ಹತ್ತಿರ ಬಿಟ್ಟು, "ಬಾತ್‌ರೂಮಿಗೆ ಹೋಗ್ಬರ್ತೀನಿ," ಅಂದೆ. ಅವಳು ನನ್ನ ಮುಖ ನೋಡಿ, "ಹುಷಾರು," ಅಂದಳು. ಬಾತ್‌ರೂಮಿಗೆ ಹೋಗುವವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಆ ಬೀದಿಗೆ ಒಬ್ಬಳೇ ವಾಪಸ್ಸು ನಡೆದೆ. ಹಳದಿ ಬಾಗಿಲ ಪಕ್ಕ ಮೂರು ಹಿತ್ತಾಳೆ ಫಲಕಗಳಿದ್ದವು. ಒಂದು ಹಲ್ಲಿನ ಡಾಕ್ಟರದು. ಒಂದರಲ್ಲಿ ಹೆಣ್ಣು ಹೆಸರು, ಹಿಂದೆ ಬಾಲದಂತೆ ಡಿಗ್ರಿಗಳು. ಇನ್ನೊಂದು ಸಾಲಿಸಿಟರ್ ಕಚೇರಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಕುಟುಂಬ ವ್ಯಾಜ್ಯಗಳು' ಎಂಬ ಅರ್ಥದ ಸಾಲು. ನನಗೆ ಮಿಕ್ಕ ಎರಡು ಫಲಕ ಕಾಣಲೇ ಇಲ್ಲ. ಹೆಂಗಸು ಒಬ್ಬಳಲ್ಲ, ವಕೀಲರೂ ಇದ್ದಾರೆ. ಇದು ಇಷ್ಟು ದೂರ ಹೋಗಿದೆ. ವಿಚ್ಛೇದನ ಅಂದರೆ ಇಲ್ಲಿ ಸಾನ್ವಿ ಯಾರ ಪಾಲಿಗೆ, ನನ್ನ ವೀಸಾ ಯಾರ ಹೆಸರಿನ ಮೇಲೆ, ಚಿತ್ರದುರ್ಗದಲ್ಲಿ ಅಮ್ಮನಿಗೆ ಏನು ಹೇಳುವುದು, ಎಲ್ಲವೂ ಆ ಮೆಟ್ಟಿಲ ಮೇಲೆ ನಿಂತ ಅರೆ ನಿಮಿಷದಲ್ಲಿ ತಲೆಯೊಳಗೆ ಓಡಿದವು. ಕೈಗೆ ಸಿಕ್ಕ ಬೆಲ್ ಒತ್ತಿದೆ.

ಬಾಗಿಲು ತೆಗೆದವಳು ಅದೇ ಕೆಂಗೂದಲಿನವಳು. ಕೈಯಲ್ಲಿ ಕಾಫಿಯ ಲೋಟ.

"ನನಗೆ ಸಾಲಿಸಿಟರನ್ನು ನೋಡಬೇಕು," ಅಂದೆ.

"ಅವರದು ಮೇಲಿನ ಬೆಲ್. ನೀವು ಒತ್ತಿದ್ದು ನಮ್ಮದು. ಇದು ನರರೋಗದ ಡಾಕ್ಟರ ಕ್ಲಿನಿಕ್," ಅಂದಳು.

"ನೀವು ಅವರ ಆಫೀಸಿನವರಲ್ಲವಾ?"

"ಅಲ್ಲ. ನಾನು ಇಲ್ಲಿ ರಿಸೆಪ್ಷನ್."

ಅವಳ ಹಿಂದೆ ಒಂದು ಮೇಜು, ಮೇಜಿನ ಮೇಲೆ ಹಾಳೆಗಳ ಕಟ್ಟು. ಮೇಲಿನ ಹಾಳೆಯಲ್ಲಿ ಅಚ್ಚು ಹಾಕಿದ ಒಂದು ಸುರುಳಿ, ಪಕ್ಕದಲ್ಲಿ ರೋಗಿಗಳು ಅದನ್ನು ನೋಡಿ ಬರೆಯಲು ಖಾಲಿ ಜಾಗ. ಜಾಕೆಟ್ಟಿನ ಜೇಬಿನಲ್ಲಿದ್ದ ಅಂಕುಡೊಂಕು ಸುರುಳಿ ಯಾವ ಮಗುವಿನದೂ ಅಲ್ಲ ಎಂದು ಆಗ ತಿಳಿಯಿತು.

"ಮಂಜುನಾಥ ನನ್ನ ಗಂಡ," ಅಂದೆ.

ಅವಳ ನಗು ಹೋಯಿತು. "ಇಲ್ಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ನಾನು ಹೇಳುವ ಹಾಗಿಲ್ಲ," ಎಂದು ತುಂಬ ಮೃದುವಾಗಿ ಹೇಳಿದಳು. "ನಿಮಗೆ ನೀರು ಕೊಡಲಾ?"

ಬೇಡ ಅಂದು ಇಳಿದೆ. ಮೆಟ್ಟಿಲು ಇಳಿಯುತ್ತಲೇ ಶೇವರು, ಲೇಸಿಲ್ಲದ ಶೂ, ಗುಂಡಿಯಿಲ್ಲದ ಅಂಗಿ, ಜೇಬಿನೊಳಗಿನ ಕೈ, ಬಿಟ್ಟುಹೋದ ಭಾನುವಾರದ ಚಹಾ, ಬೇಡವೆಂದ ಚಿತ್ರಾನ್ನ ಒಂದೊಂದಾಗಿ ಪಕ್ಕಕ್ಕೆ ಸರಿದು ಬೇರೆ ಸಾಲಿನಲ್ಲಿ ನಿಂತವು. ನಿರಾಳವಾಗಬೇಕಿತ್ತು. ಹತ್ತು ಹೆಜ್ಜೆ ಆಗಿರಲಿಲ್ಲ, ಇನ್ನೊಂದು ಅನುಮಾನ ಹುಟ್ಟಿತು. ಅದು ಮೊದಲಿನದಕ್ಕಿಂತ ಕೆಟ್ಟದು.

ಮಂಜು ಚೌಕದ ಪಾರ್ಕಿನಲ್ಲಿ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ.

"ಕೈ ತೋರ್ಸಿ," ಅಂದೆ.

ಅವರು ಬಲಗೈಯನ್ನು ಜೇಬಿನಿಂದ ತೆಗೆದು ಮುಂದೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಸಣ್ಣಗೆ, ಬಿಡದೆ ಅಲುಗುತ್ತಿದ್ದವು. ಆರು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ ನಾನು ಇದನ್ನು ನೋಡಿರಲಿಲ್ಲ. ಗೀರು ಹುಡುಕುವುದೇ ಕಸುಬಾದವಳು.

"ಯಾವಾಗಿಂದ?"

"ಕ್ರಿಸ್‌ಮಸ್ ಆದ್ಮೇಲೆ. ಮೊದ್ಲು ಸುಸ್ತು ಅಂದ್ಕೊಂಡೆ. ಗುರುವಾರ ಗುರುವಾರ ಬರ್ತಿದ್ದಿದ್ದು ಇದ್ರ ಟೆಸ್ಟಿಗೆ, ಕೈ ವ್ಯಾಯಾಮಕ್ಕೆ."

"ಆ ಕೈಯಲ್ಲಿ ಆಪರೇಷನ್ ಮಾಡಿದೀರಾ?"

ಅವರು ನನ್ನ ಕಡೆ ತಿರುಗಿದರು. ನನ್ನಿಂದ ಆ ಪ್ರಶ್ನೆ ಮೊದಲು ಬರುತ್ತದೆಂದು ಅವರು ಅಂದುಕೊಂಡಿರಲಿಲ್ಲ. "ಗೊತ್ತಾದ್ಮೇಲೆ ಇಲ್ಲ. ಬೇರೆಯವ್ರ ಜೊತೆ ಆಪರೇಷನ್ ಸರದಿ ಬದಲಾಯಿಸ್ಕೊಂಡೆ. ಓಪಿಡಿ ನೋಡ್ದೆ, ಅಸಿಸ್ಟ್ ಮಾಡ್ದೆ. ಬ್ಲೇಡ್ ಹಿಡಿದಿಲ್ಲ ಸುಧಾ."

"ಗೊತ್ತಾಗೋ ಮುಂಚೆ?"

"ಜನವರೀಲಿ ಎರಡು. ಇಬ್ರೂ ಚೆನ್ನಾಗಿದಾರೆ. ಫೈಲ್ ತೆಗ್ದು ತೆಗ್ದು ನೋಡಿದೀನಿ."

"ಆಸ್ಪತ್ರೇಲಿ ಹೇಳಿದೀರಾ?"

ಪಾರಿವಾಳಗಳಿಗೆ ಬ್ರೆಡ್ ಹಾಕಬಾರದೆಂದು ಯಾರೋ ತಾಯಿ ಮಗುವಿಗೆ ಹೇಳುತ್ತಿದ್ದಳು. ಮಂಜು ಆ ಕಡೆ ನೋಡುತ್ತ, "ಸೋಮವಾರ ಹೊಸ ಕಾಂಟ್ರ್ಯಾಕ್ಟ್ ಸೈನ್ ಆಗುತ್ತೆ. ಆದ್ಮೇಲೆ ಹೇಳೋಣ ಅಂತಿದ್ದೆ," ಅಂದರು. "ಇದು ಪಾರ್ಕಿನ್ಸನ್ನೋ ಏನೋ ಇನ್ನೂ ಗೊತ್ತಿಲ್ಲ. ಸ್ಕ್ಯಾನ್ ಬರ್ಬೇಕು. ಕೆಲಸ ಹೋದ್ರೆ ನಮ್ಮ ಮೂರೂ ಜನದ್ದೂ ಇಲ್ಲಿಂದ ಗಂಟುಮೂಟೆನೇ."

"ಸೈನ್ ಮಾಡೋಕೆ ಮುಂಚೆ ಹೇಳ್ಬೇಕು."

"ಹೇಳ್ತೀನಿ."

"ಟಾಲಾಕ್ಕೆ ಹೋಗ್ತೀನಿ ಅಂತಾನೂ ನೀವು ಹೇಳಿದ್ರಿ."

ಅವರಿಗೆ ನೋವಾಯಿತು. ಆಗಲಿ ಅನ್ನಿಸಿತು. ಆಮೇಲೆ ಅವರೇ ತಲೆ ತಗ್ಗಿಸಿ, "ನೀನೇನು ಅಂದ್ಕೊಂಡಿದ್ದೆ? ಬೇರೆ ಯಾರೋ ಇದಾರೆ ಅಂತಾನಾ?" ಅಂದರು.

"ಹೂಂ. ವಕೀಲ್ರೂ ಇದಾರೆ ಅಂದ್ಕೊಂಡೆ."

ಅವರು ನಕ್ಕರು. ನಕ್ಕದ್ದು ಅಳುವಾಗಿ ತಿರುಗುವ ಮುಂಚೆ ನಾನು ಆ ಕೈಯನ್ನು ಹಿಡಿದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಹಿಡಿದಾಗ ಅದು ನಿಂತಿತು, ಬಿಟ್ಟಾಗ ಮತ್ತೆ ಶುರುವಾಯಿತು. ಚಿತ್ರಶಾಲೆಯಿಂದ ಗುಂಪು ಹೊರಬರುವವರೆಗೂ ಹಾಗೇ ಕೂತಿದ್ದೆವು. ತಬಸ್ಸುಮ್ ದೂರದಿಂದ ನೋಡಿ ಎಲ್ಲರನ್ನೂ ಐಸ್‌ಕ್ರೀಮ್ ಗಾಡಿಯ ಕಡೆ ತಿರುಗಿಸಿದಳು. ಅತ್ಲೋನ್‌ನಲ್ಲಿ ವಾಪಸ್ಸು ಇಳಿಯುವಾಗ ಅವಳು ನನ್ನ ಹೆಗಲು ಒತ್ತಿ, "ಮುಖ ನೋಡಿದ್ಯಾ?" ಅಂದಳು. ನೋಡಿದೆ, ಆದರೆ ತಪ್ಪಾಗಿ ಓದಿದೆ ಅಂದೆ.

ಸೋಮವಾರ ನಾನು ರಜೆ ಹಾಕಿ, ಸಾನ್ವಿಯನ್ನು ತಬಸ್ಸುಮ್ ಮನೆಯಲ್ಲಿ ಬಿಟ್ಟು, ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟೆ. ಬಿಟ್ಟು ಬರಲಿಲ್ಲ, ಪಾರ್ಕಿಂಗಿನಲ್ಲೇ ಕೂತೆ. ಪ್ರೀತಿಯಿಂದ ಕೂತೆ ಅಂದರೆ ಸುಳ್ಳಾಗುತ್ತದೆ. ಅವರು ನಿಜವಾಗಿ ಹೇಳುತ್ತಾರೋ ಇಲ್ಲವೋ ಅನ್ನುವ ಅನುಮಾನ ಇನ್ನೂ ಇತ್ತು. ಒಂದೂವರೆ ಗಂಟೆಯ ಮೇಲೆ ಬಂದರು. ಸಹಿ ಹಾಕದ ಕಾಂಟ್ರ್ಯಾಕ್ಟ್ ಕೈಯಲ್ಲಿತ್ತು, ಕಾಗದ ಪಟಪಟ ಸದ್ದು ಮಾಡುತ್ತಿತ್ತು. "ಹೇಳ್ದೆ," ಅಂದರು. "ಬಾಸ್ ಜನವರೀದು ಆ ಎರಡು ಫೈಲ್ ತರಿಸಿ ನೋಡಿದ್ರು. ಆಪರೇಷನ್ ಥಿಯೇಟರಿಂದ ಆಚೆ ಇಡ್ತೀವಿ, ಕೆಲಸದಿಂದ ಅಲ್ಲ ಅಂದ್ರು." ಆ ಕಾಗದದ ಬದಲು ಆರು ತಿಂಗಳಿಗೆ ಬೇರೆ ಕಾಗದ ಬಂತು. ವಾರ್ಡಿನ ಕೆಲಸ, ಓಪಿಡಿ. ಮುಂದೆ ಅವರು ಸರ್ಜರಿಯನ್ನೇ ಬಿಟ್ಟು ವೃದ್ಧರ ವಿಭಾಗ ಸೇರಿದರು. ಈಗಲೂ ಅಲ್ಲೇ ಇದ್ದಾರೆ. ಹೊಲಿಗೆ ಹಾಕುವ ಕನಸು ಬೀಳುತ್ತದೆ ಅಂತ ಆಗಾಗ ಹೇಳುತ್ತಾರೆ.

ಆಗಸ್ಟಿನ ಮೊದಲ ಗುರುವಾರ ನಾನೂ ಅವರ ಜೊತೆ ಹಳದಿ ಬಾಗಿಲು ದಾಟಿದೆ. ಡಾಕ್ಟರು ಅರವತ್ತು ದಾಟಿದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿ ಕೂತಿದ್ದರು. ಸ್ಕ್ಯಾನ್ ಸರಿಯಾಗಿದೆ, ಪಾರ್ಕಿನ್ಸನ್ ಅಲ್ಲ ಅಂದರು. ಕೆಲವರಿಗೆ ಕೈ ಹೀಗೆ ನಡುಗುತ್ತದೆ, ಮಾತ್ರೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಜೀವಕ್ಕೆ ಏನೂ ಅಪಾಯವಿಲ್ಲ. ಸಾಮಾನ್ಯವಾಗಿ ವಂಶದಲ್ಲಿ ಬರುತ್ತದೆ. "ಮೊದಲ ದಿನ ಕೇಳಿದಾಗ ನಿಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಅಂದಿದ್ದಿರಿ," ಎಂದು ಫೈಲ್ ನೋಡಿದರು.

"ಇಲ್ಲ," ಅಂದರು ಮಂಜು. ಒಂದು ಕ್ಷಣ ಬಿಟ್ಟು, "ನಮ್ಮ ತಂದೆಯ ಕೈ ನಡುಗುತ್ತಿತ್ತು. ಅದು ಬೇರೆ. ಅವರು ಕುಡಿಯುತ್ತಿದ್ದರು," ಅಂದರು.

ಮಾವನವರನ್ನು ನಾನು ನೋಡಿಲ್ಲ. ನಮ್ಮ ಮದುವೆಗೆ ಮುಂಚೆಯೇ ಹೋಗಿದ್ದರು. ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಪಹಣಿ ಬರೆಯುವ ಮೇಜಿನಿಂದ ಅವರನ್ನು ತೆಗೆದು ಟಪಾಲಿಗೆ ಹಾಕಿದರು, ಕುಡಿತ ಹೆಚ್ಚಾಗಿ ಅಕ್ಷರ ಕೆಟ್ಟಿತ್ತು ಅಂತ ಮಂಜು ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು, "ಅವರು ಕುಡಿಯುವುದನ್ನು ನೀವು ನೋಡಿದ್ದಿರಾ?"

ಮಂಜು ಬಾಯಿ ತೆರೆದರು. ಮುಚ್ಚಿದರು. "ಎಲ್ಲರೂ ಹೇಳುತ್ತಿದ್ದರು," ಅಂದರು ಕೊನೆಗೆ.

ಆ ಶನಿವಾರ ಬೆಳಿಗ್ಗೆ ಅವರು ಊರಿಗೆ ವಿಡಿಯೋ ಕಾಲ್ ಮಾಡಿದರು. ಅತ್ತೆ ಜಗುಲಿಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಇವರು ಯಾವ ಪೀಠಿಕೆಯೂ ಇಲ್ಲದೆ, "ಅಮ್ಮ, ಅಪ್ಪ ಕುಡೀತಿದ್ರಾ?" ಎಂದು ಕೇಳಿದರು.

ಮೊರ ನಿಂತಿತು. "ಈಗ್ಯಾಕೋ ಅದು?"

"ಹೇಳಮ್ಮ."

"ಒಂದಿನಾನೂ ಮುಟ್ಟಿದೋರಲ್ಲ. ಅವ್ರಪ್ಪಂಗೂ ಹಂಗೇ ಕೈ ನಡುಗ್ತಿತ್ತು."

"ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ ನಂಗೆ?"

"ಅವ್ರೇ ಹೇಳಿದ್ರಲ್ಲೋ. ನೀನು ಹೈಸ್ಕೂಲು. ಸ್ಕೂಲಲ್ಲಿ ಯಾರೋ ಕುಡುಕನ ಮಗ ಅಂದ್ರು ಅಂತ ಅಳ್ತಾ ಬಂದಿದ್ದೆ. ನಾನು ಕುಡಿಯಲ್ಲ ಕಣೋ ಅಂದ್ರು ನಿಮ್ಮಪ್ಪ. ನೀನು, ಎಲ್ಲಿ ಬಾಯಿ ಬಿಡಿ, ವಾಸನೆ ನೋಡೋಣ ಅಂದೆ." ಅತ್ತೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಬಾಯಿ ಬಿಟ್ರು. ಅವತ್ತಿಂದ ಆ ಮಾತು ಎತ್ಲಿಲ್ಲ ಅವ್ರು, ಯಾರ ಹತ್ರಾನೂ."

ಮಂಜು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಪರದೆಯ ಮೇಲೆ ಅತ್ತೆ ಕಣ್ಣು ಕಿರಿದು ಮಾಡಿ, ಹತ್ತಿರ ಬಗ್ಗಿ ನೋಡಿದರು.

"ಯಾಕೋ ಇಷ್ಟು ಅಲ್ಲಾಡ್ತೈತೆ? ನಿನ್ ಕೈ ತೋರ್ಸು."

ಅವರು ಫೋನನ್ನು ನನಗೆ ಕೊಟ್ಟು, ಬಲಗೈಯನ್ನು ಬೆರಳು ಬಿಡಿಸಿ ಕ್ಯಾಮೆರಾದ ಮುಂದೆ ಹಿಡಿದರು. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು.

"ಥೇಟ್ ಅವ್ರ ಕೈ. ಇನ್ನೂ ಸ್ವಲ್ಪ ಹೊತ್ತು ಹಂಗೇ ಹಿಡ್ಕೊ," ಅಂದರು.